ನೀಲಿ ದೀಪ ಆರುವವರೆಗೆ

ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಕಾರಿನ ಸದ್ದಿನಿಂದ. ಅತ್ತೆ ಇನ್ನೂ ಒಲೆ ಹಚ್ಚಿರುತ್ತಿರಲಿಲ್ಲ, ಅಷ್ಟರಲ್ಲೇ ಮಾವ ಅಂಗಳಕ್ಕಿಳಿದು ಹೆಗಲ ಮೇಲಿನ ಬಟ್ಟೆಯಿಂದ ಕಾರಿನ ಗಾಜು ಒರೆಸಿ, ಒಳಗೆ ಕೂತು ಕೀ ತಿರುಗಿಸಿರುತ್ತಿದ್ದರು. ಇಂಜಿನ್ ಗುರುಗುಟ್ಟತೊಡಗಿದ್ದೇ ಹೊರಗೆ ಬಂದು ಬಾನೆಟ್ಟಿನ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರಂತೆ. ಆಮೇಲೆ ಶುರುವಾಗುತ್ತಿದ್ದುದು ಕಾಯುವ ಕೆಲಸ. ಸೈಲೆನ್ಸರಿನ ಹೊಗೆ ಅಡುಗೆಮನೆಯ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಅತ್ತೆ ಕೆಮ್ಮುತ್ತ ಸೌಟಿನಿಂದಲೇ ಕಿಟಕಿ ಎಳೆದುಕೊಂಡು, "ಇವತ್ತೂ ಮೊಟ್ಟೆಗೆ ಪೆಟ್ರೋಲಿನ ಒಗ್ಗರಣೆ" ಎನ್ನುತ್ತಿದ್ದರು.

ಈ ಹೊತ್ತಿಗೆ ಸೊಸೆ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಮಾವ, ಹೊರಡಲಾ?"

"ಇನ್ನೂ ಬೆಚ್ಚಗಾಗಿಲ್ಲ."

"ಹೊತ್ತಾಯ್ತು ಮಾವ."

"ಹೊತ್ತು ನಿನಗೆ ಆಗಿರಬಹುದು ಕಣಮ್ಮ. ಇಂಜಿನ್‌ಗೆ ಆಗಿಲ್ಲ."

ಸೊಸೆ ಊರಿನ ಈಜುಕೊಳದಲ್ಲಿ ಈಜು ಕಲಿಸುವವಳು. ಬೆಳಗಿನ ಮೊದಲ ತರಗತಿ ಹೆಂಗಸರದು. ಬರುವವರೆಲ್ಲ ಮಕ್ಕಳು ಮೊಮ್ಮಕ್ಕಳನ್ನು ಕಂಡವರು, ಆದರೆ ಬಕೆಟ್ಟಿಗಿಂತ ಆಳದ ನೀರನ್ನು ಕಂಡಿರದವರು. ಆ ತರಗತಿ ಬೇಕೇ ಬೇಕು ಎಂದು ಹಟ ಹಿಡಿದು, ಮನೆ ಮನೆಗೆ ಹೋಗಿ ಕರೆದು, ಅದನ್ನು ಶುರು ಮಾಡಿಸಿದವಳೇ ಅವಳು. ಅದಕ್ಕೇ ದಿನವೂ ತಡವಾಗಿ ಹೋಗಿ, ಚಳಿಯಲ್ಲಿ ಕೈಕಟ್ಟಿ ನಿಂತ ಹೆಂಗಸರ ಮುಖ ನೋಡುವುದೆಂದರೆ ಅವಳಿಗೆ ಮುಳ್ಳಿನ ಮೇಲೆ ನಿಂತಂತಾಗುತ್ತಿತ್ತು.

ಕಾರು ಮಾವನದು. ಅವರು ಸಿಮೆಂಟ್ ಕಾರ್ಖಾನೆಯ ಲಾರಿ ಓಡಿಸಿ ನಿವೃತ್ತರಾದವರು, ನಿವೃತ್ತಿಯಾದ ವಾರವೇ ಆಸೆಪಟ್ಟು ಈ ಚಿಕ್ಕ ಕಾರು ತಂದಿದ್ದರು. ಆದರೆ ಹೋದ ವರ್ಷ ಲೈಸೆನ್ಸ್ ನವೀಕರಿಸಲು ಹೋದಾಗ ಕಣ್ಣಿನ ಪರೀಕ್ಷೆಯಲ್ಲಿ ಎಡವಿದರು. ಅಂದಿನಿಂದ ಓಡಿಸುವುದು ಸೊಸೆ, ಬಿಸಿ ಮಾಡುವುದು ಮಾವ. ಕೀ ಮಾತ್ರ ಮಾವನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ತೀಡುವವನು. ಊರಿನವರ ಕಣ್ಣಿಗೆಲ್ಲ ಬೆಳಕು ಕೊಡುವ ಅವನು ಅಪ್ಪನ ಕಣ್ಣಿನ ಮಾತೆತ್ತುವಂತಿರಲಿಲ್ಲ. ಎತ್ತಿದರೆ, "ನನ್ನ ಕಣ್ಣು ನೆಟ್ಟಗಿದೆ. ಆ ಆಫೀಸಿನ ಬೋರ್ಡ್ ಮಾಸಿತ್ತು" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಒಂದು ದಿನ ಸೊಸೆ ಈಜುಕೊಳ ತಲುಪುವಷ್ಟರಲ್ಲಿ ಬೇರೊಬ್ಬ ಶಿಕ್ಷಕಿ ಸೀಟಿ ಊದುತ್ತ ಅವಳ ಹೆಂಗಸರನ್ನು ನೀರಿಗಿಳಿಸುತ್ತಿದ್ದಳು. ಮೇಲ್ವಿಚಾರಕಿ ಅವಳನ್ನು ಪಕ್ಕಕ್ಕೆ ಕರೆದರು.

"ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನೀರಿನ ಪಕ್ಕ ಟೀಚರ್ ಇಲ್ಲದೆ ಇವರನ್ನ ನಿಲ್ಲಿಸೋಕಾಗಲ್ಲ. ಹೀಗೇ ಆದರೆ ಬೆಳಗಿನ ತರಗತಿ ಬೇರೆಯವರಿಗೆ ಕೊಡಬೇಕಾಗುತ್ತೆ."

ಆ ರಾತ್ರಿ ಊಟಕ್ಕೆ ಕೂತಾಗ ಸೊಸೆ ತಟ್ಟೆಯ ಅನ್ನವನ್ನು ಬೆರಳಿಂದ ಒಂದು ಕಡೆಗೆ ಸರಿಸುತ್ತ ಮಾತು ತೆಗೆದಳು.

"ಮಾವ, ಒಂದು ಮಾತು. ಈಗಿನ ಇಂಜಿನ್‌ಗಳಿಗೆ ಹಾಗೆ ನಿಂತು ಕಾಯೋದು ಬೇಡವಂತೆ. ಸ್ಟಾರ್ಟ್ ಮಾಡಿ ಮೆಲ್ಲಗೆ ಹೊರಟುಬಿಟ್ಟರೆ ಓಡ್ತಾ ಓಡ್ತಾನೇ ಬಿಸಿಯಾಗುತ್ತಂತೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೂ ಹಾಗೇ ಇದೆ."

"ಪುಸ್ತಕ ಬರೆದೋನು ಲಾರಿ ಓಡಿಸಿದಾನಾ?"

"ಇದು ಲಾರಿ ಅಲ್ಲವಲ್ಲ ಮಾವ."

"ಇಂಜಿನ್ ಅಂದ್ರೆ ಇಂಜಿನ್. ನಮ್ಮ ಲಾರಿಯಲ್ಲಿ ಗಾಳಿ ತುಂಬೋವರೆಗೂ ಬ್ರೇಕ್ ಹಿಡೀತಿರಲಿಲ್ಲ, ಗೊತ್ತಾ? ನಿಂತು ಕಾಯದೆ ಹೊರಟೋರು ಎಷ್ಟೋ ಜನ ಹಳ್ಳಕ್ಕಿಳಿದಿದಾರೆ."

"ಇದರ ಬ್ರೇಕಿಗೆ ಗಾಳಿ ಬೇಡ. ನನಗೆ ಬೇಕಾಗಿರೋದು ಹೊತ್ತು."

"ನಿನಗೆ ಈಜು ಗೊತ್ತು. ನಾನೇನಾದ್ರೂ ನೀರಿನ ವಿಷಯಕ್ಕೆ ಬಂದಿದೀನಾ?"

ಸೊಸೆ ಗಂಡನ ಮುಖ ನೋಡಿದಳು. ಅವನು ಆಲೂಗಡ್ಡೆಯ ಪಾತ್ರೆಯೊಳಗೆ ಏನೋ ಕಳೆದುಕೊಂಡವನಂತೆ ಹುಡುಕುತ್ತಿದ್ದ.

"ನೀವೇನಾದ್ರೂ ಹೇಳ್ರೀ."

"ಇಬ್ಬರೂ ಹೇಳೋದ್ರಲ್ಲಿ ಅರ್ಥ ಇದೆ" ಎಂದ ಅವನು.

"ಅಡ್ಡಗೋಡೆ ಮೇಲೆ ದೀಪ ಇಡೋದಕ್ಕೆ ನಿನಗೆ ಮೆಡಲ್ ಕೊಡಿಸ್ಬೇಕು ಕಣೋ" ಎಂದು ಅತ್ತೆ ಅವನ ಮುಂದಿನಿಂದ ಪಾತ್ರೆ ಎಳೆದುಕೊಂಡರು.

"ನನ್ನ ತರಗತಿ ಹೋಗುತ್ತೆ ಮಾವ" ಎಂದಳು ಸೊಸೆ. ಅವಳ ದನಿ ಏರಿತ್ತು. "ನಾಳೆಯಿಂದ ನನಗೆ ಕಾರು ಬೇಡ. ಬಸ್ಸಲ್ಲಿ ಹೋಗ್ತೀನಿ."

"ಹೋಗು. ಬೇಡ ಅಂದೋರು ಯಾರು?"

ಬಸ್ಸು ಊರನ್ನೆಲ್ಲ ಬಳಸಿಕೊಂಡು ಹೋಗುತ್ತಿತ್ತು. ಸೊಸೆ ಕತ್ತಲಿರುವಾಗಲೇ ಎದ್ದು, ಒಣ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಹೊರಡತೊಡಗಿದಳು. ಆದರೆ ಅವಳು ಗೇಟು ದಾಟುವ ಹೊತ್ತಿಗೆ ಹಿಂದೆ ಕಾರು ಗುರ್ ಎನ್ನುತ್ತಿತ್ತು. ಹೋಗುವವರು ಯಾರೂ ಇಲ್ಲದಿದ್ದರೂ ಮಾವ ಅದನ್ನು ದಿನವೂ ಬಿಸಿ ಮಾಡಿ, ಬಾನೆಟ್ ಮುಟ್ಟಿ ನೋಡಿ, ಆರಿಸಿ ಒಳಗೆ ಬರುತ್ತಿದ್ದರು. ಅವರಿಬ್ಬರ ನಡುವೆ ಮಾತು ನಿಂತುಹೋಯಿತು. ಏನಿದ್ದರೂ ಮೊಮ್ಮಗಳು ಚೂಟಿಯ ಬಾಯಿಂದ. ಚೂಟಿಗೆ ಈ ಕೆಲಸ ಬಹಳ ಹಿಡಿಸಿತು. ಆದರೆ ಕೊಟ್ಟ ಮಾತನ್ನು ಕೊಟ್ಟ ಹಾಗೇ ತಲುಪಿಸುವುದು ಅವಳಿಗೆ ಬೇಜಾರು.

"ಹೇಳು ನಿಮ್ಮಮ್ಮಂಗೆ, ಬಸ್ ಸ್ಟಾಪಿಗೆ ನಡೆದ್ರೆ ಕಾಲು ಗಟ್ಟಿಯಾಗುತ್ತಂತೆ ಅಂತ" ಎಂದು ಮಾವ ಪೇಪರಿನ ಹಿಂದಿನಿಂದ ಹೇಳಿದರೆ, ಚೂಟಿ ಅಡುಗೆಮನೆಗೆ ಓಡಿ, "ಅಮ್ಮಾ, ನಿನ್ನ ಕಾಲು ನೋಯ್ತಿದೆಯಾ ಅಂತ ತಾತ ಕೇಳ್ತಿದಾರೆ" ಎನ್ನುತ್ತಿದ್ದಳು.

ಸೊಸೆ ಕೈ ಒರೆಸಿಕೊಳ್ಳುತ್ತ ನಡುಮನೆಯ ಕಡೆ ಇಣುಕಿದಳು. "ಇಲ್ಲ ಅಂತ ಹೇಳು. ತಾತನ ಚಹಾ ಆರಿಹೋಗಿದ್ರೆ ಬಿಸಿ ಮಾಡಿ ಕೊಡ್ತೀನಿ ಅನ್ನು."

ಚೂಟಿ ಮತ್ತೆ ಓಡಿದಳು. "ತಾತಾ, ಕಾರಲ್ಲಿ ಹೋದ್ರೆ ಚೆನ್ನಾಗಿರ್ತಿತ್ತು ಅಂತಿದಾಳೆ ಅಮ್ಮ."

ಮಾವ ಪೇಪರನ್ನು ಮಡಚಿ ಕೆಳಗಿಟ್ಟರು.

ಒಂದು ಸಂಜೆ ಅತ್ತೆ ಸೊಸೆಯರು ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಅತ್ತೆ ಕಾಳುಗಳನ್ನು ಬಟ್ಟಲಿಗೆ ಉದುರಿಸುತ್ತ ತಲೆಯೆತ್ತದೆ ಕೇಳಿದರು.

"ನಿನಗೆ ನಿಜವಾಗ್ಲೂ ಗೊತ್ತಾಗಿಲ್ವೇನೇ?"

"ಏನು ಅತ್ತೆ?"

"ಇವರು ಹದಿನೆಂಟನೇ ವಯಸ್ಸಿಂದ ಸ್ಟೇರಿಂಗ್ ಹಿಡಿದೋರು. ಆ ಲೈಸೆನ್ಸ್ ಹೋದ ಮೇಲೆ ಅವರ ಪಾಲಿಗೆ ಉಳಿದಿರೋದು ಅಷ್ಟೇ. ಕೀ ತಿರುಗಿಸೋದು, ಕೈಯಿಟ್ಟು ನೋಡೋದು. ಅದನ್ನೂ ಬೇಡ ಅಂತ ನೀನು ಪುಸ್ತಕ ತೋರಿಸಿದೆ."

ಸೊಸೆಯ ಕೈಯಲ್ಲಿದ್ದ ಸಿಪ್ಪೆ ಅಲ್ಲೇ ನಿಂತಿತು. "ನಾನು ಹಾಗೆ ಅಂದ್ಕೊಂಡು ಹೇಳಲಿಲ್ಲ ಅತ್ತೆ."

"ಗೊತ್ತು. ನೀನು ಹೇಳಿದ್ದು ಸರೀನೇ ಇರಬಹುದು. ಹೊಗೆ ಕುಡಿದು ಕುಡಿದು ನನಗೂ ಸಾಕಾಗಿದೆ. ಆದ್ರೆ ಅವರ ಕೈಯಿಂದ ಒಂದನ್ನ ಕಿತ್ಕೊಂಡ್ರೆ ಇನ್ನೊಂದನ್ನ ಕೊಡಬೇಕಾಗುತ್ತೆ ಕಣೆ. ಬರಿಗೈಯಲ್ಲಿ ಕೂರೋ ಗಂಡಸಲ್ಲ ಅದು."

ಮಾರನೆಯ ಬೆಳಿಗ್ಗೆ ಸೊಸೆ ಗೇಟಿನ ಕಡೆ ಹೋಗಲಿಲ್ಲ. ಮಾವ ಗಾಜು ಒರೆಸುತ್ತಿದ್ದಾಗ ಎದುರಿಗೆ ಹೋಗಿ ನಿಂತಳು.

"ಮಾವ, ನಂದೊಂದು ತೊಂದರೆ ಇದೆ. ಮೆಲ್ಲಗೆ ಓಡಿಸು ಅಂತ ಪುಸ್ತಕದಲ್ಲಿದೆ. ಮೆಲ್ಲಗೆ ಓಡಿಸೋದು ನನಗೆ ಬರೋದೇ ಇಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡ್ತೀರಾ?"

ಮಾವ ಬಟ್ಟೆಯನ್ನು ಹಿಂಡಿದರು, ಒಣಗಿದ ಬಟ್ಟೆಯನ್ನೇ. "ಇದು ನಿಮ್ಮತ್ತೆ ಕಲಿಸಿದ ಮಾತೋ, ನಿನ್ನದೋ?"

"ಅರ್ಧ ಅರ್ಧ."

ಅವರ ಮೀಸೆಯ ತುದಿ ಸ್ವಲ್ಪ ಅಲುಗಿತು. ಮನೆಯ ಚಪ್ಪಲಿಯಲ್ಲೇ ಸುತ್ತು ಬಂದು ಎಡಗಡೆಯ ಸೀಟಿನಲ್ಲಿ ಕೂತು, ಜೇಬಿನಿಂದ ಕೀ ತೆಗೆದು ಅವಳ ಕೈಗೆ ಕೊಟ್ಟರು.

"ನಿಜ ಹೇಳ್ಲಾ?" ಎಂದರು. "ನಾನು ಅಷ್ಟು ಹೊತ್ತು ಬಿಸಿ ಮಾಡ್ತಿದ್ದಿದ್ದು ನಿನ್ನ ಕಾಲಿಗೆ ಹೆದರಿ. ನೀನು ಕೂತ ತಕ್ಷಣ ತುಳೀತೀಯ. ಇಂಜಿನ್ನೊಳಗೆ ಎಣ್ಣೆ ಇನ್ನೂ ಮೇಲೆ ಹತ್ತಿರಲ್ಲ, ಅಷ್ಟರಲ್ಲೇ ಗೇಟಿಂದಾಚೆ ಹಾರಿರ್ತೀಯ. ಪಾಪ, ಅದರ ಗತಿ ಏನು?"

ಸೊಸೆಗೆ ನಗು ಬಂತು. ಅದು ನಿಜವೇ ಆಗಿತ್ತು. "ಈಗ ತುಳಿಯಲ್ಲ. ಹೇಳಿ."

"ತುಂಬಿದ ಹಾಲಿನ ಪಾತ್ರೆ ಹಿಡ್ಕೊಂಡು ನಡೀತಿದೀಯ ಅಂದ್ಕೋ. ಆಂ, ಹಾಗೆ. ಕ್ಲಚ್ ಬಿಡು, ನಿಧಾನ. ಇಂಜಿನ್ ಕೂಗೋಕೆ ಬಿಡಬೇಡ. ಕೂಗೋ ಮೊದಲೇ ಗೇರ್ ಬದಲಾಯಿಸು. ಮುಂದೆ ಏರು ಬರುತ್ತೆ, ಅಲ್ಲಿ ಒತ್ತಬೇಡ. ಅದರ ಪಾಡಿಗೆ ಅದು ಹತ್ತುತ್ತೆ."

ಕಾರು ಗೇಟು ದಾಟಿ, ಇನ್ನೂ ಬಾಗಿಲು ತೆರೆಯದ ಅಂಗಡಿಗಳ ಬೀದಿಯಲ್ಲಿ ಸದ್ದಿಲ್ಲದೆ ಜಾರತೊಡಗಿತು. ಪೇಪರಿನವನು ಸೈಕಲ್ಲಿನಲ್ಲಿ ಇವರನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು ಹೋದ.

"ಸೈಕಲ್ಲು ಮುಂದೆ ಹೋಯ್ತು ಮಾವ."

"ಹೋಗಲಿ. ಅವನ ಇಂಜಿನ್ ಬಿಸಿಯಾಗಿದೆ."

ಸ್ಟೇರಿಂಗಿನ ಹಿಂದೆ, ಮೀಟರಿನ ಪಕ್ಕ ಒಂದು ಪುಟ್ಟ ನೀಲಿ ದೀಪವಿತ್ತು. ಇಂಜಿನ್ ತಣ್ಣಗಿರುವವರೆಗೂ ಉರಿದು, ಬೆಚ್ಚಗಾದ ಮೇಲೆ ಆರುವಂಥದ್ದು. ಸೊಸೆ ಅದನ್ನು ತೋರಿಸಿ, "ಇದು ಆರೋವರೆಗೂ ಹೀಗೇ ಹೋಗೋಣ" ಎಂದಳು. ಮಾವ ಬಗ್ಗಿ ನೋಡಿ "ಹೂಂ" ಅಂದರು. ಅಂಚೆ ಕಚೇರಿಯ ತಿರುವಿನ ಹತ್ತಿರ ದೀಪ ಆರಿತು. ಅವತ್ತು ಅವಳು ತರಗತಿಗೆ ಹೊತ್ತಿಗಿಂತ ಮುಂಚೆಯೇ ತಲುಪಿದಳು. ಮಾವ ಅಂಚೆ ಕಚೇರಿಯಲ್ಲೇ ಇಳಿದು ನಡೆದುಕೊಂಡು ಮನೆಗೆ ಬಂದರು. ಡಾಕ್ಟರು ಎಷ್ಟು ಹೇಳಿದರೂ ಬೀದಿಯ ತುದಿಗೂ ನಡೆಯದಿದ್ದ ಮನುಷ್ಯ ಬೆವರೊರೆಸಿಕೊಂಡು ಬಿಸಿ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದುದನ್ನು ಕಂಡು, ಅತ್ತೆ ಒಲೆ ಸಣ್ಣ ಮಾಡಿ ಹೊರಗೆ ಬಂದು ನೋಡಿದರು.

"ಯಾರೋ ನಮ್ಮನೆಯವರ ಥರಾನೇ ಇದಾರಲ್ಲ" ಎಂದರು.

"ಸುಮ್ನಿರೇ. ಮೊಟ್ಟೆ ಬೇಯಿಸು. ಹಸಿವಾಗಿದೆ."

ಅಲ್ಲಿಂದ ಮುಂದೆ ಅದೇ ಅಭ್ಯಾಸವಾಯಿತು. ಅಡುಗೆಮನೆಗೆ ಹೊಗೆ ಬರುವುದು ನಿಂತಿತು. ದೀಪ ಆರುವವರೆಗಿನ ಆ ನಿಧಾನದ ದಾರಿಯಲ್ಲಿ ಮಾವ ಸೊಸೆಯರು ಊಟದ ಮೇಜಿನಲ್ಲಿ ಎಂದೂ ಆಡದಷ್ಟು ಮಾತಾಡಿದರು. ಸೇತುವೆ ಬಂತೆಂದರೆ ಮಾವ ಲಾರಿಯ ಬಾಗಿಲನ್ನು ಒಂದು ಕೈಯಲ್ಲಿ ತೆರೆದು ಹಿಡಿದುಕೊಂಡೇ ದಾಟಿಸುತ್ತಿದ್ದರಂತೆ, ಬಿದ್ದರೆ ಹೊರಗೆ ಜಿಗಿಯೋಣ ಎಂದು. "ಜಿಗಿದು? ನಿಮಗೆ ಈಜು ಬರಲ್ವಲ್ಲ ಮಾವ" ಎಂದು ಸೊಸೆ ಕೇಳಿದರೆ, "ಅಷ್ಟು ದೂರ ಯೋಚನೆ ಮಾಡಿರಲಿಲ್ಲ" ಎಂದರು. ಸೊಸೆ ನಗುತ್ತ ನಗುತ್ತ ಗೇರು ತಪ್ಪಿಸಿದಳು. ಮಾವ ಅದಕ್ಕೂ ಬೈಯಲಿಲ್ಲ.

ಇದರ ನಡುವೆಯೇ ಸೊಸೆಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮಾವ ದಿನವೂ ಅಂಚೆ ಕಚೇರಿಯ ತಿರುವು ಬಂದಾಗಲೇ, "ಹಾಂ, ದೀಪ ಆರಿತು. ಇನ್ನು ನೀನು ಹೋಗಬಹುದು" ಎನ್ನುತ್ತಿದ್ದರು. ಚಳಿ ಹೆಚ್ಚಿದ್ದ ಒಂದು ದಿನ ಆ ತಿರುವಿನಲ್ಲೂ ದೀಪ ನೀಲಿಯಾಗಿ ಉರಿಯುತ್ತಲೇ ಇತ್ತು. ಮಾವ ಅದನ್ನೇ ನೋಡುತ್ತ, "ಆರಿತು ನೋಡು" ಎಂದರು. ಸೊಸೆ ಕಾರು ನಿಲ್ಲಿಸಿದಳು. ಅವರು ಇಳಿದ ಮೇಲೂ ಹಾಲಿನ ಪಾತ್ರೆ ಹಿಡಿದವಳಂತೆಯೇ ಮುಂದೆ ಹೋದಳು.

ಆ ಸಂಜೆ ಗಂಡನಿಗೆ ಮಾತ್ರ ಹೇಳಿದಳು. "ನಿಮ್ಮಪ್ಪಂಗೆ ಕೈಯಳತೆಯಲ್ಲಿರೋ ದೀಪಾನೂ ಕಾಣ್ತಿಲ್ಲ. ಅಂದಾಜಲ್ಲಿ ಹೇಳ್ತಿದಾರೆ. ಯಾರಿಗೂ ಹೇಳಬೇಡಿ, ನಾನೇ ನಿಧಾನಕ್ಕೆ ಮಾತಾಡ್ತೀನಿ."

ಗಂಡ ತಲೆಯಾಡಿಸಿದ. ಒಂದು ದಿನ ಹೇಗೋ ತಡೆದುಕೊಂಡ. ಎರಡನೆಯ ದಿನ ಊಟದ ನಡುವೆ ಅವನ ಬಾಯಿಂದ ಮಾತು ಜಾರಿಯೇಬಿಟ್ಟಿತು. "ಅಪ್ಪಾ, ಎರಡೂ ಕಣ್ಣಿಗೆ ಪೊರೆ ಬಂದಿದೆ ನಿಮಗೆ. ಮೀಟರಿನ ದೀಪಾನೇ ಕಾಣ್ತಿಲ್ವಂತಲ್ಲ. ಸಣ್ಣ ಆಪರೇಷನ್, ಅದೇ ದಿನ ಮನೆಗೆ ಬರಬಹುದು."

ಮಾವ ಸೊಸೆಯ ಕಡೆ ನೋಡಿದರು. ಸೊಸೆ ಗಂಡನ ಕಡೆ ನೋಡಿದಳು. ಗಂಡನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಓಹೋ. ಪಕ್ಕದಲ್ಲಿ ಕೂರಿಸ್ಕೊಂಡು ಪರೀಕ್ಷೆ ಮಾಡ್ತಿದ್ರೋ ನನ್ನ?" ಎಂದರು ಮಾವ.

"ಹಾಗಲ್ಲ ಮಾವ."

"ಕಣ್ಣಿಗೆ ಕತ್ತಿ ಹಾಕಿಸ್ಕೊಳ್ಳೋಕೆ ನಾನೇನು ಈರುಳ್ಳಿಯಾ?" ಎಂದು ಎದ್ದು ಕೈ ತೊಳೆದುಕೊಂಡರು.

ಮಾರನೆಯ ದಿನ ಕೀ ಮೇಜಿನ ಮೇಲಿತ್ತು, ಮಾವ ಮಾತ್ರ ಅಂಗಳದಲ್ಲಿರಲಿಲ್ಲ. ಸೊಸೆ ಒಬ್ಬಳೇ ಕಾರು ತೆಗೆದು, ಒಬ್ಬಳೇ ಮೆಲ್ಲಗೆ ಹೋದಳು. ಕೀ ಕೈಗೆ ಸಿಕ್ಕಿದ್ದಕ್ಕೆ ಸಂತೋಷವಾಗಬೇಕಿತ್ತು. ಆದರೆ ಗೇರು ಬದಲಿಸುವಾಗಲೆಲ್ಲ ಅವಳ ಕಣ್ಣು ಪಕ್ಕದ ಖಾಲಿ ಸೀಟಿಗೆ ಹೋಗುತ್ತಿತ್ತು. ಮನೆಗೆ ಬಂದವಳೇ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ನಿಮ್ಮ ಹೊಟ್ಟೇಲಿ ಒಂದು ಮಾತು ನಿಲ್ಲಲ್ವಾ?"

"ನೀನೇ ಅಲ್ವಾ ಯಾವಾಗಲೂ 'ನೀವೇನಾದ್ರೂ ಹೇಳ್ರೀ' ಅನ್ನೋಳು? ಹೇಳಿದೆ."

ಅತ್ತೆ ಒಗೆದ ಬಟ್ಟೆ ಕೊಡವುತ್ತಿದ್ದವರು ನಕ್ಕುಬಿಟ್ಟರು. ಬಟ್ಟೆಗಳನ್ನೆಲ್ಲ ಹರವಿ ಮುಗಿಸಿ, ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಮಾವನ ಕೋಣೆಯ ಬಾಗಿಲಲ್ಲಿ ಹೋಗಿ ನಿಂತರು.

"ಹೆದರಿಕೆ ಅಂತ ಒಪ್ಕೊಳ್ಳಿ, ಮುಗೀತು."

"ನನಗೆ ಹೆದರಿಕೆ? ಮೊಣಕಾಲಿನ ಮೇಲೆ ನೀರು ಬಂದ್ರೆ ಊರಿಗೆ ಕೇಳೋ ಹಾಗೆ ಕಿರುಚೋಳು ನೀನು."

"ಸರಿ. ಪಂದ್ಯ. ನಾನು ಇವಳ ತರಗತಿಗೆ ಸೇರಿ, ಕೊಳದ ಈ ಕಡೆಯಿಂದ ಆ ಕಡೆಗೆ ಈಜಿದ್ರೆ ನೀವು ಡಾಕ್ಟರ ಹತ್ರ ಬರಬೇಕು."

ಮಾವ ಮಂಚದ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದು ನಕ್ಕರು. "ಆಯ್ತು. ಒಪ್ಪಿದೆ. ನೀನು ಈಜೋ ದಿನ ನಾನು ಎರಡು ಕಣ್ಣಲ್ಲ, ಕಿವಿ ಮೂಗು ಎಲ್ಲ ಕೊಯ್ಸಿಕೊಳ್ತೀನಿ."

ವಾರದೊಳಗೆ ಅತ್ತೆಗೆ ಮೈತುಂಬ ಮುಚ್ಚುವ, ತೋಳುದ್ದದ ಈಜುಡುಗೆ ಬಂತು. ಬಾಗಿಲು ಹಾಕಿಕೊಂಡು ಅದನ್ನು ಹಾಕಿ ನೋಡುವಷ್ಟರಲ್ಲಿ ಅತ್ತೆಗೆ ಏದುಸಿರು. ಕಿಟಕಿಯಿಂದ ಇಣುಕಿದ ಚೂಟಿ, "ಅಜ್ಜಿ ಮೀನಾಗಿದಾಳೆ" ಎಂದು ಮನೆಯೆಲ್ಲ ಕೂಗಿಕೊಂಡು ಬಂದಳು. ಮರುದಿನ ಬೆಳಿಗ್ಗೆ ಅತ್ತೆ ಮುಂದಿನ ಸೀಟಿನಲ್ಲಿ ಸೊಸೆಯ ಪಕ್ಕ ಕೂತರು. ಸೋಲುವುದನ್ನು ಕಣ್ಣಾರೆ ನೋಡಬೇಕೆಂದು ಮಾವ ಹಿಂದಿನ ಸೀಟು ಹತ್ತಿದರು.

"ಮೆಲ್ಲಗೆ ಹೋಗು" ಎಂದು ಹಿಂದಿನಿಂದ ದನಿ ಬಂತು. ಅಷ್ಟು ದಿನಗಳ ಮೇಲೆ ಅವರು ಸೊಸೆಗೆ ಆಡಿದ ಮೊದಲ ಮಾತು ಅದು.

"ಹೋಗ್ತಿದೀನಿ ಮಾವ."

"ಇನ್ನೂ ಮೆಲ್ಲಗೆ ಹೋದ್ರೂ ನನಗೇನೂ ಅವಸರ ಇಲ್ಲ" ಎಂದರು ಅತ್ತೆ. ಅವರ ಎರಡೂ ಕೈಗಳು ಸೀಟನ್ನು ಬಿಗಿಯಾಗಿ ಹಿಡಿದಿದ್ದವು.

ಈಜುಕೊಳದ ಮೇಲ್ಗಡೆ ನೋಡುವವರಿಗೆಂದು ಬೆಂಚುಗಳಿದ್ದವು. ಮಾವ ಅಲ್ಲಿ ಕೂತರು. ಕೆಳಗೆ ಹೆಂಗಸರೆಲ್ಲ ಒಂದೇ ಬಣ್ಣದ ಟೋಪಿ ಹಾಕಿಕೊಂಡು ಕಂಬಿ ಹಿಡಿದು ಸಾಲಾಗಿ ನೀರಿಗಿಳಿದರು. ಅತ್ತೆ ನೀರು ಸೊಂಟಕ್ಕೆ ಬಂದಾಗ ಕಿರುಚಿದರು, ಎದೆಗೆ ಬಂದಾಗ ಇನ್ನೊಮ್ಮೆ ಕಿರುಚಿದರು, ಆಮೇಲೆ ಪಕ್ಕದವಳೂ ಕಿರುಚಿದ್ದರಿಂದ ಧೈರ್ಯ ಬಂದು ಸುಮ್ಮನಾದರು. ಮುಖ ಮುಳುಗಿಸಿ ಗುಳ್ಳೆ ಬಿಟ್ಟರು. ತಲೆಯೆತ್ತಿ, ಮೇಲೆ ಕೂತ ಗಂಡನ ಕಡೆ ಗೆದ್ದವರಂತೆ ಕೈ ಬೀಸಿದರು. ಮಾವ ಅಲುಗಲಿಲ್ಲ. ಮತ್ತೆ ಬೀಸಿದರು. ಮಾವ ಬೇರೆ ಯಾವುದೋ ಮೂಲೆಯ ಕಡೆಗೆ ಮುಖ ಮಾಡಿ ಕೂತೇ ಇದ್ದರು.

ತರಗತಿಯ ನಡುವೆ ಸೊಸೆ ಹಿಡಿದು ತೇಲುವ ಹಲಗೆ ತರಲು ಮೇಲೆ ಬಂದಾಗ ಮಾವ ಮೆಲ್ಲನೆ ಕೇಳಿದರು. "ಅದರಲ್ಲಿ ನಮ್ಮನೆಯವಳು ಯಾರು?"

ಸೊಸೆ ಬೆರಳು ತೋರಿಸಿದಳು. ಅವರು ಆ ದಿಕ್ಕಿಗೆ ಬಹಳ ಹೊತ್ತು ನೋಡಿದರು.

ಮನೆಗೆ ಬರುವಾಗ ಅತ್ತೆ ಒದ್ದೆ ಕೂದಲು ಒರೆಸಿಕೊಳ್ಳುತ್ತ ಶುರು ಮಾಡಿದರು. "ಎಷ್ಟು ಸಲ ಕೈ ಬೀಸಿದೆ ನಿಮಗೆ. ಒಂದು ಸಲನಾದ್ರೂ ಕೈಯೆತ್ತಿದ್ರಾ? ಸೋಲ್ತೀನಿ ಅಂತ ಅಷ್ಟು ಹೊಟ್ಟೆಕಿಚ್ಚಾ?"

"ನೋಡಿದೆ ನೋಡಿದೆ" ಎಂದರು ಮಾವ.

ಕಾರು ಅಂಗಡಿಗಳ ಬೀದಿಗೆ ಬಂತು. ಬಾಗಿಲುಗಳೆಲ್ಲ ತೆರೆದಿದ್ದವು. ತರಕಾರಿಯವನು ಟೊಮೆಟೊ ರಾಶಿಗೆ ನೀರು ಚಿಮುಕಿಸುತ್ತಿದ್ದ.

"ಇಲ್ಲ ಕಣೇ" ಎಂದರು ಮಾವ. "ನೋಡಲಿಲ್ಲ. ನನಗೆ ಕಾಣಲಿಲ್ಲ."

ಅತ್ತೆಯ ಕೈ ಕೂದಲಲ್ಲೇ ನಿಂತಿತು. ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಮಗನಿಗೆ ಹೇಳು, ಡಾಕ್ಟರ ಹತ್ರ ಹೋಗೋಣ."

"ಪಂದ್ಯ ಇನ್ನೂ ಮುಗಿದಿಲ್ಲರೀ. ನಾನಿನ್ನೂ ಮುಳುಗ್ತಾನೇ ಇದೀನಿ."

"ಪಂದ್ಯ ಹಾಳಾಗಿ ಹೋಗಲಿ. ನೀನು ಈಜೋದನ್ನ ನಾನು ನೋಡಬೇಕು."

ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಕಣ್ಣಿಗೆ ಹನಿ ಹಾಕುವ ಪಾಳಿಯನ್ನು ಎಲ್ಲರೂ ಹಂಚಿಕೊಂಡರು. ಹನಿ ಹಾಕುವಾಗ ಮಗ ತನ್ನ ಕಣ್ಣನ್ನೇ ಮುಚ್ಚಿಕೊಳ್ಳುತ್ತಾನೆಂದು ಅವನಿಗೆ ಮಾವನ ಕಾಲೊತ್ತುವ ಕೆಲಸ ಸಿಕ್ಕಿತು. ಮೊದಲ ಸಲ ಕಟ್ಟು ಬಿಚ್ಚಿದಾಗ ಮಾವ ಎದುರಿಗೆ ನಿಂತ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಷ್ಟೊಂದು ನರೆತಿದೀಯಾ ನೀನು?" ಎಂದರು.

"ಡಾಕ್ಟ್ರೇ, ಕಟ್ಟು ವಾಪಸ್ ಹಾಕಿಬಿಡಿ" ಎಂದರು ಅತ್ತೆ. ಡಾಕ್ಟರು ನಗು ತಡೆಯಲಾರದೆ ಹೊರಗೆ ಹೋದರು.

ಆಮೇಲಿನ ದಿನಗಳಲ್ಲಿ ಮನೆಯವರಿಗೆ ನೆಮ್ಮದಿ ಇರಲಿಲ್ಲ. ಮಾವ ಹೊಸ ಕಣ್ಣು ಹೊತ್ತುಕೊಂಡು ಮನೆಯ ಮೂಲೆ ಮೂಲೆ ಸುತ್ತಿದರು. ಜೇಡರ ಬಲೆ ಕಂಡಿತು, ಗೋಡೆಯ ಬಿರುಕು ಕಂಡಿತು, ಮಗ ಮೀಸೆಗೆ ಬಣ್ಣ ಹಚ್ಚುವುದು ಕಂಡಿತು. ಕೊನೆಗೆ ಅಂಗಳದಿಂದ ಕೂಗು ಕೇಳಿತು.

"ಈ ಬಾಗಿಲ ಮೇಲಿನ ಗೀರು ಯಾವಾಗಿನದು?"

ಸೊಸೆ ಹೊಸ್ತಿಲಲ್ಲಿ ನಿಂತು ಉಗುರು ನೋಡಿಕೊಂಡಳು. "ಈಜುಕೊಳದ ಗೇಟು ತಾಗಿತ್ತು ಮಾವ. ಬಹಳ ದಿನ ಆಯ್ತು."

"ನನಗೇಕೆ ಹೇಳಲಿಲ್ಲ?"

"ಕಾಣದೆ ಇದ್ದಿದ್ದನ್ನ ಯಾಕೆ ಕೆದಕೋದು ಅಂತ."

ಮಾವ ಅವಳನ್ನು ದುರುಗುಟ್ಟಿ ನೋಡಲು ಹೋಗಿ, ತಾವೇ ಮೊದಲು ನಕ್ಕರು.

ಅತ್ತೆ ಕೊಳ ದಾಟಿದ ದಿನ ಮನೆಯವರೆಲ್ಲ ಮೇಲಿನ ಬೆಂಚಿನಲ್ಲಿದ್ದರು. ಅತ್ತೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತಾರೇನೋ ಎನಿಸಿತ್ತು. ಕೈಕಾಲು ನಾಲ್ಕೂ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು. ಸೊಸೆ ನೀರಿನಂಚಿನಲ್ಲಿ ಅವರ ಜೊತೆಗೇ ನಡೆಯುತ್ತ, "ಉಸಿರು ಬಿಡಿ ಅತ್ತೆ, ಅವಸರ ಬೇಡ" ಎನ್ನುತ್ತಿದ್ದಳು. ಅತ್ತೆಯ ಕೈ ಆ ಕಡೆಯ ಗೋಡೆಗೆ ತಾಗಿದಾಗ ಮಾವ ಎದ್ದು ನಿಂತು ಚಪ್ಪಾಳೆ ಹೊಡೆದರು. ಹೊಡೆದೇ ಹೊಡೆದರು. ಮೇಲ್ವಿಚಾರಕಿ ಬಂದು, "ಯಜಮಾನ್ರೇ, ಪಕ್ಕದಲ್ಲಿ ಮಕ್ಕಳ ತರಗತಿ ನಡೀತಿದೆ" ಎಂದು ಬೇಡಿಕೊಳ್ಳಬೇಕಾಯಿತು. ಕೆಳಗಿನಿಂದ ಅತ್ತೆ ಕೈ ಬೀಸಿದರು. ಮಾವ ಎರಡೂ ಕೈಯೆತ್ತಿ ಬೀಸಿದರು, ಸರಿಯಾಗಿ ಅವರಿಗೇ.

ಲೈಸೆನ್ಸ್ ಕಚೇರಿಯಲ್ಲಿ ಬೋರ್ಡಿನ ಅಕ್ಷರ ಓದಿ ಎಂದಾಗ ಮಾವ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿ, ನಿಲ್ಲಿಸದೆ, ಅದರ ತಳದಲ್ಲಿ ಇರುವೆಯಷ್ಟು ಸಣ್ಣದಾಗಿ ಅಚ್ಚಾಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿದರು. "ಸಾಕು, ಸಾಕು" ಎಂದರು ಅಧಿಕಾರಿ. ಓಡಿಸಿ ತೋರಿಸಿದ್ದೂ ಆಯಿತು. ಹೊರಗೆ ಬಂದ ಮಾವ ಮಗನ ಹೆಗಲ ಮೇಲೆ ಕೈ ಹಾಕಿ, "ನಿನಗೆ ಹೊಟ್ಟೇಲಿ ಮಾತು ನಿಲ್ಲದೇ ಇದ್ದಿದ್ದು ಒಳ್ಳೇದೇ ಆಯ್ತು ಕಣೋ" ಎಂದರು.

ಮುಂದಿನ ರಜೆಯ ದಿನ ಎಲ್ಲರೂ ಊರಾಚೆಯ ಕೆರೆಗೆ ಹೋದರು. ಸ್ಟೇರಿಂಗ್ ಮಾವನದು, ಪಕ್ಕದಲ್ಲಿ ಮಗ, ಹಿಂದೆ ಅತ್ತೆ, ಸೊಸೆ, ನಡುವೆ ಚೂಟಿ. ಕೆರೆಯ ದಡದಲ್ಲಿ ಕಟ್ಟಿಕೊಂಡು ಹೋದದ್ದನ್ನು ತಿಂದು, ಮೊಣಕಾಲು ಮಟ್ಟದ ನೀರಿನಲ್ಲಿ ಅತ್ತೆ ಎಲ್ಲರಿಗೂ ಈಜಿನ ಪಾಠ ಹೇಳಿ, ಹೊತ್ತಿಳಿಯುವಾಗ ಹಿಂದಿರುಗಿದರು. ಆ ವಾರವೆಲ್ಲ ಈಜುಕೊಳದಲ್ಲಿ ಮಕ್ಕಳ ಸ್ಪರ್ಧೆ ನಡೆದು ಸೊಸೆ ನಿಂತೇ ಕಳೆದಿದ್ದಳು. ಕಾರು ಹತ್ತಿದ್ದೇ ಚೂಟಿ ಕಿಟಕಿ ಬೇಕೆಂದು ಅತ್ತ ಸರಿದಳು, ಸೊಸೆ ನಡುವೆ ಬಂದು ಅತ್ತೆಯ ಹೆಗಲಿಗೆ ತಲೆಯಾನಿಸಿದಳು. ಓಡಿಸುವ ಕೆಲಸವಿಲ್ಲದೆ ಕಾರಿನಲ್ಲಿ ಕೂತು ಎಷ್ಟು ದಿನವಾಗಿತ್ತೋ. ಯಾವಾಗ ಕಣ್ಣು ಮುಚ್ಚಿತೋ ಅವಳಿಗೆ ತಿಳಿಯಲಿಲ್ಲ.

ಅರೆ ಎಚ್ಚರವಾದಾಗ ಕಾರು ಇನ್ನೂ ಚಲಿಸುತ್ತಿತ್ತು. ಸುತ್ತ ಪಿಸುಮಾತು.

"ತಾತಾ, ನಮ್ಮನೆ ಮತ್ತೆ ಹಿಂದೆ ಹೋಯ್ತು."

"ಹೋಗಲಿ ಬಿಡು. ಮನೆ ಎಲ್ಲಿಗೂ ಓಡಲ್ಲ."

"ಮತ್ತೆ ನಾವೆಲ್ಲಿಗೆ?"

"ಶ್. ನಿಮ್ಮಮ್ಮ ಮಲಗಿದಾಳೆ. ಕಾರು ನಿಂತ್ರೆ ಎಚ್ಚರ ಆಗಿಬಿಡುತ್ತೆ. ಇನ್ನೊಂದು ಸುತ್ತು ಹಾಕೋಣ."

"ಆಗಲೇ ಮೂರು ಸುತ್ತಾಯ್ತು ಅಪ್ಪಾ" ಎಂದು ಗಂಡನ ದನಿ.

"ನಿನ್ನನ್ನ ಕೇಳಿದ್ನಾ?"

"ರಾತ್ರಿಗೆ ಏನೂ ಮಾಡಿಟ್ಟಿಲ್ಲರೀ" ಎಂದರು ಅತ್ತೆ, ಹೆಗಲು ಒಂದಿಷ್ಟೂ ಅಲುಗಿಸದೆ.

"ಮನೆಗೆ ಹೋದ ಮೇಲೆ ನಾನೇ ಅನ್ನಕ್ಕಿಡ್ತೀನಿ."

"ನೀವು?"

"ಯಾಕೆ, ಕಾಣಲ್ವಾ ನನಗೆ ಅಕ್ಕಿ ಎಲ್ಲಿದೆ ಅಂತ?"

ಅತ್ತೆಯ ಹೆಗಲು ನಗುವಿಗೆ ಒಮ್ಮೆ ಕುಲುಕಿ ಸುಮ್ಮನಾಯಿತು. ಸೊಸೆಗೆ ಈಗ ಪೂರ್ತಿ ಎಚ್ಚರವಾಗಿತ್ತು. ಅವಳು ಕಣ್ಣು ಬಿಡಲಿಲ್ಲ. ತಲೆಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿ, ನಿದ್ದೆಯಲ್ಲಿರುವವಳಂತೆ ಉದ್ದಕ್ಕೆ ಉಸಿರೆಳೆದುಕೊಂಡಳು. ಕಾರು ಬೀದಿಯ ತುದಿಯಲ್ಲಿ ತಿರುಗಿ ಮತ್ತೊಮ್ಮೆ ಮನೆಯ ಮುಂದೆ ಬಂದು, ಅದನ್ನೂ ದಾಟಿಕೊಂಡು ಮುಂದೆ ಹೋಯಿತು.